ತಿರುಗೋ ಬ್ರಷ್ಷು, ಬಿಳೀ ಟೈಲ್ಸು

ಅಲ್ಲೇ ನಿಂದ್ರು, ಅಲ್ಲೇ ನಿಂದ್ರು ಜಗದೇವಾ! ಬಚ್ಚಲದಾಗ ಕಾಲಿಡಬ್ಯಾಡ, ಸಾಬೂನ ನೀರ್ ಚೆಲ್ಲೀನಿ. ಒಂದ ಮನ್ಯಾಗ ಎರಡು ಕಾಲು ಮುರದ್ರ ನಿಂಬರ್ಗಾದ ಮಂದಿ ಏನಂದಾರು! ಆ ಕುರ್ಚಿ ಎಳಕೊಂಡು ಬಾಗಿಲ್ದಾಗ ಕುಂದ್ರು. ನಿಮ್ಮಕ್ಕನ ಸೀರಿ-ಅರಬಿ ಚೀಲ ಕಟ್ಟಿ ಮ್ಯಾಲ ಹಂಗ ಇರ್ಲಿ, ಎಲ್ಲೂ ಓಡಿ ಹೋಗಂಗಿಲ್ಲ. ಕರಜಗಿಯಿಂದ ಗಾಡಿ ತಗೊಂಡು ಬಂದೀದಿ, ಶಿವಕಾಂತಕ್ಕನ್ನ ತವರಿಗೆ ಕರಕೊಂಡು ಹೋಗ್ತೇನಿ ಅಂತೀದಿ. ನಾ ಬ್ಯಾಡ ಅಂದೀನೇನು? ಅಂದಿಲ್ಲ. ಐದು ಮಿನಿಟ್ ಇದನ್ನ ನೋಡು. ಆಮ್ಯಾಲ ನೀನ ಹೇಳ್ತಿ, 'ಮಾಮಾ, ಅಕ್ಕ ಇಲ್ಲೇ ಇರ್ಲಿ' ಅಂತ.

ಬ್ರಷ್ ಅನಬ್ಯಾಡ ತಮ್ಮಾ! ಇದು ಬ್ರಷ್ ಅಲ್ಲ, ಮಷೀನ್. ಮೂರು ತಾಸು ಕರೆಂಟಿಗೆ ಹಚ್ಚಿ ಇಡಬೇಕು, ಮೊಬೈಲ್ ಇಟ್ಟಂಗ. ಈ ದಾಂಡು ಎಳದ್ರ ಉದ್ದ ಆಗ್ತದ, ಒತ್ತಿದ್ರ ಗಿಡ್ಡ ಆಗ್ತದ. ನೆಟ್ಟಗ ನಿಂತ ಬಚ್ಚಲ ತೊಳೀಬಹುದು, ಸೊಂಟ ಬಗ್ಗಿಸೋದ ಬ್ಯಾಡ. ತಲಿ ಮೂರು ಕೊಟ್ಟಾರ. ಚಪ್ಪಟೆದು ನೆಲಕ್ಕ, ದುಂಡಂದು ಮೂಲಿಗೆ, ಈ ಚೂಪಂದು... ಇದು ಎದಕ್ಕ ಅಂತ ಇನ್ನಾ ತಿಳದಿಲ್ಲ. ಕಾಗದ ಕೊಟ್ಟಾರ, ಒಂದು ಬಾಜು ಇಂಗ್ಲಿಷ್, ಇನ್ನೊಂದು ಬಾಜು ಚೀನಾದ್ದು. ಎರಡೂ ಓದಿದೆ.

ಯಾಕ ನಗ್ತಿ? ಗಂಡಸಾಗಿ ಬಚ್ಚಲ ತೊಳಿಯಾಕತ್ತಾನಂತ ನಗ್ತೀಯೇನು? ಲೇ, ತೊಗರಿಗೆ ಔಷಧ ಹೊಡಿಯೋ ಪಂಪ್ ಬೆನ್ನಿಗೆ ಕಟಗೊಂಡ್ರ ನಗ್ತೀಯೇನು? ಅದೂ ಮಷೀನ್, ಇದೂ ಮಷೀನ್. ಬೀಸೋ ಕಲ್ಲು ಇರೋತನಕ ಹೆಣ್ಣುಮಕ್ಕಳು ಬೀಸಿದ್ರು. ಗಿರಣಿ ಬಂದ ಮ್ಯಾಲ ಗಿರಣಿ ಯಾರು ನಡಸ್ತಾರ? ಗಂಡಸ್ರು! ಮಷೀನ್ ಬಂತಂದ್ರ ಕೆಲಸ ಗಂಡಸರದು ಆಗ್ತದ. ಇದು ನನ್ನ ಮಾತಲ್ಲ, ಜಗತ್ತೇ ಹಂಗ ನಡದದ.

ಹಾಂ, ನೋಡೀಗ. ಗುಂಡಿ ಒತ್ತತೇನಿ... ತಿರುಗ್ತು, ತಿರುಗ್ತು... ಅರೆ! ಅರೆ ಅರೆ! ತಡಿ, ಬಂದ್ ಮಾಡ್ತೇನಿ... ಬಂದ್ ಆಗವಲ್ದು... ಆತು. ಕಣ್ಣಾಗ ಬಿತ್ತೇನು? ಆ ಟಾವೆಲ್ ತಗೋ, ಒರಸ್ಕೋ. ಬಿಳೀ ಅಂಗಿ ಯಾಕ ಹಾಕ್ಕೊಂಡು ಬಂದಿ? ಬರೇ ಸಾಬೂನದ ತಮ್ಮಾ, ಆಸಿಡ್ ಅಲ್ಲ. ಆಸಿಡ್ ಈ ಮನ್ಯಾಗ ಬಂದ್ ಮಾಡೀನಿ.

ಆದ್ರ ಟೈಲ್ಸ್ ನೋಡು ಹೆಂಗ ಬೆಳ್ಳಗಾದ್ವು! ನಮ್ಮ ಬೋರಿನ ಸವುಳು ನೀರು ನಿನಗ ಗೊತ್ತದ. ನಾಕು ದಿನಕ್ಕ ಪೊರಿ ಹಿಡೀತದ. ಎಂಟು ದಿನಕ್ಕ ಹಳದಿ. ನಿಮ್ಮಕ್ಕ ಬಚ್ಚಲಕ್ಕ ಶಾಬಾದ ಕಲ್ಲಿನ ಫರಸೀನ ಸಾಕಂದಿದ್ಲು, ಒರಟಿರ್ತದ, ಕಾಲು ನಿಂದ್ರತದ ಅಂತ. ನಾನ ಹಟ ಹಿಡದೆ. ಸೋಲಾಪುರದಾಗ ಲಾಜಿನ ಬಚ್ಚಲ ನೋಡಿದ್ದೆ, ಕನ್ನಡ್ಯಾಗ ಕಂಡಂಗ ಮಾರಿ ಕಾಣೋವಂಥ ಟೈಲ್ಸು. ಬಚ್ಚಲದಾಗ ಮಾರಿ ಕಂಡು ಏನ್ ಮಾಡೋದದ ಅಂತ ಅಕಿ ಕೇಳಿದ್ಲು. ನಾ ಟೈಲ್ಸ ಹಾಕಿಸಿದೆ.

ಇರ್ಲಿ. ಕೆಲಸದ್ದು ಹೇಳ್ತೇನಿ ಕೇಳು. ಅಕಿಗೆ ಇಲ್ಲಿ ಏನ್ ತ್ರಾಸ ಅದ? ಬಚ್ಚಲ ಮಷೀನ್ ತೊಳೀತದ. ರೊಟ್ಟಿ ಬಾಜು ಮನಿ ಮೆಹರಾಜಬೇಗಂ ಬಡದು ಕೊಡ್ತಾಳ. ಅನ್ನ ನಾ ಮಾಡ್ತೇನಿ, ಬ್ಯಾಳಿ ನಾ ಕುದಸ್ತೇನಿ. ಚಾ ಕಾಸೋದು ಕಲ್ತೀನಿ, ಮೊದಲ ಎರಡು ದಿನ ಸಕ್ರಿ ಮರತಿದ್ದೆ. ಅಕಿ ಹಂಗ ಕುಡದ್ಲು. ಗುಳಿಗಿ ಟೈಮಿಗೆ ಕೊಡ್ತೇನಿ. ಕಾಲಿನ ಪ್ಲಾಸ್ಟರಿಗೆ ನೀರು ತಾಗದಂಗ ಪ್ಲಾಸ್ಟಿಕ್ ಕಟ್ಟಿ ಜಳಕ ಮಾಡಸ್ತೇನಿ. ತಲಿ ಬಾಚ್ತೇನಿ. ಜಡಿ ಹಾಕಾಕ ಬರಂಗಿಲ್ಲ, ದನದ ದಾವಣಿ ಹಗ್ಗ ಹೊಸದಂಗ ಆಗ್ತದ, ಆದ್ರೂ ಹಾಕ್ತೇನಿ. ಕರಜಗ್ಯಾಗ ಇದಕ್ಕಿಂತ ಹೆಚ್ಚಿಗಿ ಏನ್ ಮಾಡ್ತಿ?

ಆ ಡಬ್ಬಿ ಯಾಕ ತಿರುವಿ ತಿರುವಿ ನೋಡ್ತಿ? ಅದರಾಗ ಏನಿಲ್ಲ, ಥರ್ಮಾಕೋಲ್ ಅದ. ಇಟ್ಬಿಡು... ತಾರೀಖ? ಯಾ ತಾರೀಖ? ಓ, ಪಾರ್ಸಲ್ ಬಂದ ತಾರೀಖ ಬರದಾರೇನು, ಬರೀತಾರ, ಬರೀತಾರ. ಹೂಂ. ಮಷೀನ್ ಹಬ್ಬಕ್ಕ ತರಸಿದ್ದೆ, ಅಕೀನ ಮುಟ್ಟಲಿಲ್ಲ ಅಂತ ಫೋನಿನ್ಯಾಗ ಹೇಳಿದ್ದೆ ನಿನಗ. ಖರೆ ಅಂದ್ರ ಅಕಿ ಬಿದ್ದ ಎಂಟು ದಿನಕ್ಕ ತರಸೀನಿ. ಆತಲ್ಲ? ಒಂದು ಸುಳ್ಳು ಹೇಳಿದೆ. ಗಂಡಸಿನ ಮಾನ ಅಂತ ಒಂದು ಇರ್ತದ ಇಲ್ಲೋ? ನಿನಗೂ ಹೇಣ್ತಿ ಇದ್ದಾಳ, ನೀ ಎಷ್ಟು ಖರೆ ಮಾತಾಡ್ತಿ?

ಈಗ ಯಾಕ ನಗವಲ್ಲಿ?

ಸಣ್ಣಗ ಮಾತಾಡು, ಒಳಗ ಮಲಗ್ಯಾಳ. ಏನಂದಿ?... ಹೌದು, ಜಳಕಕ್ಕ ಹೋದಾಗ ಕಾಲು ಜಾರ್ತು. ಆಳಂದದ ದವಾಖಾನ್ಯಾಗೂ ಹಂಗ ಬರಸೀನಿ... ಬೆರಳು? ಅಕೀ ಬೆರಳಿಗೇನಾಗ್ಯಾದ? ಚರ್ಮ ಸುಲದದ, ಹೌದು... ಅದು ಆಸಿಡ್ಡಿನದು. ನೀ ಪೊಲೀಸ ಅಲ್ಲ ತಮ್ಮಾ, ಟ್ರ್ಯಾಕ್ಟರ್ ಮೇಸ್ತ್ರಿ ಇದ್ದೀದಿ, ಹಂಗ ನೋಡಬ್ಯಾಡ.

ಆತು. ಜಳಕಕ್ಕ ಹೋಗಿದ್ದಿಲ್ಲ. ಟೈಲ್ಸ್ ತಿಕ್ಕಾಕ ಹೋಗಿದ್ಲು. ಅವತ್ತು ಸೊಸಾಯಿಟಿ ಮಂದಿ ನಾಕು ಜನ ಊಟಕ್ಕ ಬರೋರಿದ್ರು. ಹೋಳಿಗಿ ಮಾಡಿ, ಕಟ್ಟಿನ ಸಾರು ಮಾಡಿ, ಆಗಿನ್ನಾ ಕುಂತಿದ್ಲು. ನಾ ಕೈ ತೊಳಿಯಾಕ ಹೋದಾವ ನೋಡ್ದೆ, ಟೈಲ್ಸ್ ಹಳದಿ ಆಗ್ಯಾವ. 'ಮಂದಿ ಕೈ ತೊಳಿಯಾಕ ಬರ್ತಾರ, ಇವೇನು ಟೈಲ್ಸೋ, ತಂಬಾಕು ತಿಂದಾವನ ಹಲ್ಲೋ' ಅಂದೆ. ನಗಸಾಕ ಚಾಷ್ಟಿಗಿ ಅಂದೆ! 'ಮುಂಜಾನಿಂದ ನಿಂತೀನ್ರೀ, ಕಾಲು ಸೇದಾಕತ್ತಾವ, ನೀವರ ಎರಡು ಸಲ ತಿಕ್ರಿ' ಅಂದ್ಲು. ನಾ ನಕ್ಕೆ. ಗಂಡಸ್ರು ಬಚ್ಚಲ ತಿಕ್ಕತಾರೇನು ಅಂತ ನಕ್ಕೆ. ಅಷ್ಟ. ಬೈಲಿಲ್ಲ, ಹೊಡೀಲಿಲ್ಲ. ಅಕೀನ ಎದ್ದು ಹೋದ್ಲು. ನಾ ಎಬ್ಬಿಸಿ ಕಳಸಲಿಲ್ಲ. ಅಕೀನ ಹೋದ್ಲು.

ಬಿದ್ದ ಸಪ್ಪಳ ಕೇಳಿ ಓಡಿ ಹೋದೆ. ಗಾಳಿ ಹಂಗ ಓಡಿದೆ! ಎತ್ತಿದೆ, ಕಾಟಿನ ಮ್ಯಾಲ ಮಲಗಿಸಿದೆ, ಗಾಡಿ ಕರಸಿದೆ...

ಮೆಹರಾಜಬೇಗಂ? ಅಕೀನೂ ಬಂದ್ಲು. ಹಿಂದಿನ ಬಾಗಿಲದಿಂದ ಬಂದ್ಲು... ನನಗಿಂತ ಮೊದಲ ಬಂದಿದ್ಲು ಅಂತ ಯಾರು ಹೇಳಿದ್ರು ನಿನಗ? ಜರಾ ಮುಂದ ಬಂದಿರಬಹುದು. ಅಕೀ ಮನಿ ಹತ್ತರ ಅದ. ನಾ ಪಡಸಾಲ್ಯಾಗ ಕುಂತಿದ್ದೆ...

ಜಗದೇವಾ, ಅತ್ತಾಗ ಯಾಕ ಮಾರಿ ತಿರುಗಿಸಿದಿ? ಮಾತಾಡು. ಬೈ ಬೇಕಾದ್ರ. ವಯಸ್ಸಿನ್ಯಾಗ ಸಣ್ಣಾವ ಇದ್ದಿ, ಆದ್ರ ಅಕೀ ತಮ್ಮ ಇದ್ದಿ, ಬೈ.

ಏನಂದಿ? ಅಕೀನ ಫೋನ್ ಮಾಡಿ ನಿನ್ನ ಕರಸ್ಯಾಳೇನು?

ನಾ ತಿಳಕೊಂಡಿದ್ದೆ, ನೀನ ಬಂದಿ ಅಂತ. ಅಕ್ಕನ ಕಾಲು ಮುರದದ, ತಮ್ಮ ಕರಿಯಾಕ ಬಂದಾನ, ರೀತಿ ರಿವಾಜು ಅಂತ. ಅಕೀನ ಕರಸ್ಯಾಳ. ಚೀಲಾನೂ ಅಕೀನ ಕಟ್ಟಿಸ್ಯಾಳ... ಹೂಂ. ನಿನಗ ಒಂದು ಮಾತು ಹೇಳಿದ್ದಿಲ್ಲ. ಅಕಿ ಬಿದ್ದು ಮೂರು ವಾರ ಆತು, ಅವತ್ತಿನಿಂದ ನನ್ನ ಕೂಡ ಮಾತು ಬಿಟ್ಟಾಳ. ಚಾ ಕೊಟ್ರ ತಗೋತಾಳ. ಜಡಿ ಹಾಕ್ತೇನಂದ್ರ ಬೆನ್ನು ತಿರುಗಿಸಿ ಕುಂದರ್ತಾಳ. ಸಕ್ರಿ ಇಲ್ಲಂತ ಒಂದು ಮಾತು ಬೈದಿದ್ರ ನನ್ನ ಜೀವ ತಣ್ಣಗಾಗ್ತಿತ್ತು. ಮೂವತ್ತೊಂದು ವರ್ಷ ಆತು ತಮ್ಮಾ. ಅಕಿ ಹೋದ್ರ ಈ ಮನಿ ನನ್ನ ತಿನ್ನಾಕ ಬರ್ತದ. ಖರೆ ಹೇಳ್ತೇನಿ, ನನಗ ಹೆದರಿಕಿ ಆಗ್ಯಾದ.

ನಿನ್ನ ಮುಂದ ಎಲ್ಲಾ ಹೇಳ್ಯಾಳ?

ಅದನ್ನೂ ಹೇಳ್ಯಾಳ?

...ಹೇಳ್ಯಾಳ. ನಿನ್ನ ಮಾರಿ ನೋಡಿದ್ರ ಗೊತ್ತಾಗ್ತದ.

ನಾ ಪಡಸಾಲ್ಯಾಗ ಕುಂತಿದ್ದೆ. ಒಳಗ ಧಡ್ ಅಂತ ಸಪ್ಪಳ ಆತು. ಕೂತ ಜಾಗದಿಂದಾನ ಒದರಿದೆ, ಏಳಲಿಲ್ಲ. 'ಟೈಲ್ಸ್ ಒಡೀತೇನಬೇ?' ಅಂದೆ. ಅಕಿ 'ಇಲ್ರಿ' ಅಂದ್ಲು. ಎಲುಬು ಮುರದು ಬಿದ್ದಾಕಿ, 'ಇಲ್ರಿ, ಒಡದಿಲ್ರಿ' ಅಂದ್ಲು. ನನಗ ಸಮಾಧಾನ ಆತು. ಖರೇನ ಸಮಾಧಾನ ಆತು ಜಗದೇವಾ! ಪೇಪರ್ ಓದಿದೆ. ಒಂದು ಪುಟ ಪೂರಾ ಓದಿದೆ. ಮೆಹರಾಜಬೇಗಂ ಚೀರಿದ ಮ್ಯಾಲ ಎದ್ದೆ.

ಆ 'ಒಡದಿಲ್ರಿ' ಅಂದದ್ದ, ಅಕೀ ಬಾಯಿಂದ ನಾ ಕೇಳಿದ ಕಡೀ ಮಾತು.

ಹೊರಡು. ಬಿಸಲು ಏರೂದ್ರಾಗ ಹೊರಡು. ಅಕೀನ್ನ ಹಿಂದಿನ ಸೀಟಿನ್ಯಾಗ ಕಾಲು ಚಾಚಿ ಕುಂದರಿಸು, ಮೊಣಕಾಲ ಬುಡಕ ದಿಂಬು ಇಡು. ಅಫಜಲಪುರ ರಸ್ತಾದಾಗ ತೆಗ್ಗು ಭಾಳ ಅದಾವ, ಮೆಲ್ಲಕ ಹೊಡಿ. ಜೋರಾಗಿ ಗಾಡಿ ಜಿಗದ್ರ ಅಕಿ ಸುಮ್ಕ ಇರ್ತಾಳ, ಬಾಯಿ ಬಿಡಂಗಿಲ್ಲ. ಗಾಡಿ ನಿಂದ್ರಿಸಿ ಹಿಂದ ತಿರುಗಿ ನೋಡು. ಅಕ್ಕಾ, ನಿನಗ ನೋವಾತೇನು ಅಂತ ಕೇಳು. ಇಲ್ಲ ಅಂತಾಳ. ಇನ್ನೊಂದು ಸಲ ಕೇಳು.