ಅನ್ನ ಮುಟ್ಟಿಸೋ ದಿವಸ

…ಅಲ್ಲ, ಅಷ್ಟ ದೂರ ಯಾಕ ಕುಂತಿ? ಈಚೆ ಬಾ, ಪಡಸಾಲಿ ಮ್ಯಾಲ ಬಾ. ಕಂಬಳಿ ಹಾಸೀನಿ ನೋಡು. ಅಸೂಟಿಯಿಂದ ನಡಕೊಂತ ಬಂದೀನಿ ಅಂತೀ, ಕಾಲು ಸೋತಿರಬೇಕು… ಬ್ಯಾಡಾ? ಹೊಸ್ತಲದ ಹತ್ರನ ಚಲೋ ಐತಾ? ಆತು ಬಿಡು, ನಿನ್ನ ಖುಷಿ.

ಉಂಡ ಹೋಗಬೇಕು ಮತ್ತ! ಇವತ್ತ ನಮ್ಮನ್ಯಾಗ ಯಾರ ಬಂದ್ರೂ ಬರೀ ಹೊಟ್ಟೀಲೆ ಕಳಸಂಗಿಲ್ಲ. ಕೂಸಿಗೆ ಅನ್ನ ಮುಟ್ಟಸ್ತೀವಿ. ಆರ ತಿಂಗಳು ತುಂಬಿದ್ವು ಇವನಿಗೆ. ನಮ್ಮತ್ತಿ ಕಳಕವ್ವ, ನಮ್ಮ ಮನಿಯವರು, ಇಬ್ರೂ ಮಠಕ್ಕ ಹೋಗ್ಯಾರ, ಅಯ್ಯನವರನ್ನ ಕರಕೊಂಡು ಬರಾಕ. ಅವರು ಬಂದು ಕೂಸಿನ ಹಣಿಗೆ ವಿಭೂತಿ ಹಚ್ಚಬೇಕು, ಆಮ್ಯಾಲ ಮೊದಲನೇ ತುತ್ತು. ಇನ್ನೇನು ಬರ್ತಾರ. ಅಲ್ಲೀತನ ನಾನು, ನೀನು, ಇಂವಾ… ಮೂರ ಮಂದಿ.

ನೋಡು, ಬಟ್ಟಲದಾಗ ಇಟ್ಟೀನಿ. ನವಣಕ್ಕಿ. ನಮ್ಮತ್ತಿ ಗೋದಿ ಹುಗ್ಗಿನ ಆಗಬೇಕು ಅಂದ್ಲು. ಬ್ಯಾಡ್ರಿ ಅತ್ತಿ, ಎಳೀ ಹೊಟ್ಟಿ, ನವಣಿ ಹಗರ ಆಗತೈತಿ ಅಂದೆ. ಮೂರ ಸಲ ತೊಳದು, ಹಾಲಾಗ ಬೇಯಿಸಿ, ಬೆರಳಾಗ ನುರದು ನುರದು… ಒಂದು ಕಾಳ ಸಿಗಬಾರದು ಕೈಗೆ, ಹಂಗ ಮಾಡೀನಿ. ಚೂರ ಬೆಲ್ಲ. ತುಪ್ಪ ನಮ್ಮ ನೆರೀಮನಿ ಹಸನಬಿ ಕೊಟ್ಟಿದ್ದು, ಆಕೀದು ಹೊಸದಾಗಿ ಈದ ಆಕಳ. ಮುಂಜಾನಿಂದ ಇದೊಂದ ಕೆಲಸ ನಂದು. ಆರಿದ್ರ ಗಟ್ಟಿ ಆಗತೈತಿ ಅಂತ ಆಗಾಗ ಒಲಿ ಬಾಜೂಕ ಸರಸ್ತೀನಿ.

ಏ, ಏ! ಅಜ್ಜಪ್ಪಾ! ಅಲ್ಲಿ ಹೋಗಬ್ಯಾಡೋ! ಈಗೀಗ ಹೊಟ್ಟೀಲೆ ಹರಿಯಾಕ ಹತ್ಯಾನ ನೋಡವ್ವ. ಎಲ್ಲಿ ಬಿಟ್ರೂ ಬಾಗಲ ಕಡೇನ ಹೊಂಡ್ತಾನ. ಬಾ, ಬಾ ನನ್ನ ಕಂದಾ. ಮೂಗು ನೋಡು, ಥೇಟ ಅವರಪ್ಪಂದು. ಅವರ ಮನಿಮಂದಿಗೆಲ್ಲ ಹಿಂಗ, ತುದ್ಯಾಗ ಸ್ವಲ್ಪ…

ಯಾಕ ನಗ್ತೀ?

ಅಲ್ಲ, ನಕ್ಕೀ ನೀನು. ನಾ ನೋಡಿದೆ. ನಗು, ನಗು, ಮನಿಗೆ ಬಂದಾಕಿ ನಗಬಾರದೇನು… ಹಾಂ, ಗೊತ್ತಾತು. ಊರಾಗ ಯಾರೋ ಹೇಳ್ಯಾರ ನಿನಗ. ಹೇಳೇ ಹೇಳ್ತಾರ. ಶೇಖವ್ವನ ಮನಿ ಯಾವುದು ಅಂದ್ರ, 'ಪರದೇಶಿ ಕೂಸು ಸಾಕ್ಯಾಳಲ್ಲ, ಪುಣ್ಯಾತಗಿತ್ತಿ, ಆಕೀದೇನು?' ಅಂತಾರ. ಹೌದು. ಹಡದಿದ್ದು ನಾನಲ್ಲ. ಆದ್ರ ಆರ ತಿಂಗಳು ಮಲಿ ಕುಡಿಸೀನಿ, ಉಚ್ಚಿ ಬಳದೀನಿ. ಮೂಗು ಅವರಪ್ಪಂದು ಅನ್ನೂ ಮಾತು ತಾನ ಬಾಯಿಗೆ ಬರ್ತೈತಿ, ಬರಲಿ ಬಿಡು.

ನಿನಗ ಹೇಳಿದ್ರ ಏನಾತು. ನೀ ದಾರಿ ಹೋಕಳು.

ನಾ ಹಡದವ ಬ್ಯಾರೆ ಇದ್ದ. ಹನ್ನೊಂದ ದಿನ ಇದ್ದ. ಹನ್ನೆರಡನೇ ದಿನ ತೊಟ್ಟಲಕ್ಕ ಹಾಕಬೇಕು, ಹೆಸರ ಇಡಬೇಕು, ಬೀಗರೆಲ್ಲ ಬಂದಾರ. ಮುಂಜಾನಿ ಎತ್ತಿಕೊಂಡ್ರ ಮೈ ಕಟ್ಟಿಗಿ ಆಗಿತ್ತು. ಹೆಸರಿಲ್ಲದ ಹೋತು ನನ್ನ ಕೂಸು. ಹಳ್ಳದ ದಂಡಿಗೆ, ಜಾಲಿಗಿಡದ ಸಾಲಿನ ಹಿಂದ ಮಣ್ಣು ಕೊಟ್ರು. ನನ್ನ ಎದಿಗೆ ಮಾತ್ರ ಏನ ತಿಳೀತೈತಿ? ತುಂಬಿ ತುಂಬಿ ಕಲ್ಲಾತು. ಕುಪ್ಪಸ ತೊಯ್ದು ನೆಲಕ್ಕ ಹನೀತಿತ್ತು. ಅತ್ತಿ ಅಂದ್ಲು, 'ದಿನಾ ಹೋಗಿ ಆ ಮಣ್ಣಿನ ಮ್ಯಾಲ ಹಿಂಡಿ ಬಾರವ್ವ, ಇಲ್ಲಂದ್ರ ಕೂಸು ಹಸದು ಅಳತೈತಿ.' ಹೋಗ್ತಿದ್ದೆ. ದಿನಾ ಹೊತ್ತೇರೂದ್ರಾಗ ಹೋಗಿ, ಮಣ್ಣಿಗೆ ಹಾಲ ಕುಡಿಸಿ ಬರ್ತಿದ್ದೆ. ಎರಿಮಣ್ಣು… ಎಷ್ಟ ಹಿಂಡಿದ್ರೂ ಕುಡಕೊಂತಿತ್ತು.

ಅದ ದಿನಗಳಾಗ ನರಗುಂದದ ಮ್ಯಾಲ ಕುಂಪಣಿ ದಂಡು ಬಿತ್ತು. ಮಿರಗದ ಮಳಿ ಇನ್ನ ಬಿದ್ದಿರಲಿಲ್ಲ, ಆದ್ರ ಬಡಗಣ ದಿಕ್ಕಿಗೆ ಗುಡುಗಿದಂಗ ಸಪ್ಪಳ. ತೋಪು ಅಂದ್ರು. ಮರುದಿನದಿಂದ ಮಂದಿ, ಮಂದಿ… ಗಂಟು ತಲೀ ಮ್ಯಾಲ, ಹುಡುಗರು ಬಗಲಾಗ, ಹೊಲಾ ತುಳಕೊಂತ ಓಡಿ ಬಂದ್ರು. ಊರ ಸುಟ್ಟಾರ ಅಂದ್ರು. ಯಾರ ಕೂಡ ಯಾರೂ ನಿಂತು ಮಾತಾಡವಲ್ರು. ನಿನಗೇನ ಹೇಳ್ಲಿ ಅದನ್ನ…

ನಿನಗೂ ಗೊತ್ತಿರಬೇಕು. ಅಲ್ಲಾ?

ತಲಿ ಅಲ್ಲಾಡಸ್ತಿ. ಹೂಂ.

ಒಂದು ಮುಂಜಾನಿ ನಾ ಹಳ್ಳಕ್ಕ ಹೋದ್ರ, ನನ್ನ ಕೂಸಿನ ಮಣ್ಣಿನ ಬಾಜೂಕ, ಜಾಲಿ ನೆಳ್ಳಾಗ ಒಬ್ಬಾಕಿ ಬಿದ್ದಾಳ. ಕಾಲು ಬಾತಿತ್ತು. ಎದಿ ಮ್ಯಾಲ ಕೂಸು, ಇನ್ನ ಹಸೀಕೂಸು. ಸತ್ತಿದ್ಲು ಆಕಿ. ಜೀವ ಹೋಗಿತ್ತು. ಕೂಸು ಒಣಾ ಮಲಿ ಚೀಪಕೊಂತ ಬಿದ್ದಿತ್ತು. ನನಗ ನೋಡಿ ಸಂಕಟ ಆತು. ಕುಂತೆ. 'ಅಕ್ಕಾ, ಒಂದೀಟ ಹಾಲ ಕುಡಸ' ಅಂದ್ಲು. ನಾ ಎತ್ತಿಕೊಂಡು…

ಏನು? ಯಾಕ ಹಂಗ ನೋಡ್ತಿ?

ಅಂದ್ಲು ಅಂದ್ನೇನು ನಾ? ಇಲ್ಲಿಲ್ಲ. ಸತ್ತಾಕಿ ಹ್ಯಾಂಗ ಅಂತಾಳ? ಬಾಯಿ ತಪ್ಪಿ ಬಂತು. ಮುಂಜಾನಿಂದ ಒಲಿ ಮುಂದ ಕುಂತು ತಲಿ ಕಾದೈತಿ ನಂದು. ಸತ್ತಿದ್ಲು. ನಾನು ಸೆರಗ ಮುಚ್ಚಿ ಬಂದೆ. ಆಮ್ಯಾಲ ಅಸೂಟಿ ಕಡೀ ಗಾಡಿಯವರು ಮಣ್ಣ ಕೊಟ್ರಂತ. ಊರೆಲ್ಲ ಇದನ್ನ ಬಲ್ಲದು. ನಮ್ಮ ಮನಿಯವರೂ ಬಲ್ಲರು. ಬೇಕಂದ್ರ ಬರ್ತಾರಲ್ಲ, ಕೇಳು.

…ನೀರ ಕುಡೀತೀಯೇನು? ಬ್ಯಾಡಾ. ಏನೂ ಬ್ಯಾಡ ನಿನಗ. ಬಂದಾಗಿಂದ ಏನೂ ಬ್ಯಾಡ. ಬರೀ ಇವನ್ನ ನೋಡ್ತಿ.

ನೋಡು, ನಾ ಈಗ ಬೀಸಂಗಿಲ್ಲ. ಆರ ತಿಂಗಳಾತು, ಬೀಸೂ ಕಲ್ಲು ಮುಟ್ಟಿಲ್ಲ. ಸೊಂಟ ನೋವು ಅಂತ ಅತ್ತಿಗೆ ಹೇಳೀನಿ. ಪಾಪ, ಆ ಮುದುಕಿ ತಾನ ಬೀಸತಾಳ. ಯಾಕ ಗೊತ್ತೇನು? ಕಲ್ಲು ತಿರುಗಿಸಿದೆ ಅಂದ್ರ ಒಳಗಿಂದ ದನಿ ಬರ್ತೈತಿ. ಹಾಡಲ್ಲ. 'ಅಕ್ಕಾ…' ತಿರುಗಸೂದು ನಿಲ್ಲಿಸಿದ್ರ ನಿಲ್ಲತೈತಿ. ಮತ್ತ ತಿರುಗಿಸಿದ್ರ, 'ಅಕ್ಕಾ…' ಹಸನಬಿ ದರ್ಗಾದಿಂದ ದಾರ ತಂದು ಕಟ್ಟಿದ್ಲು. ಅತ್ತಿ ಕಾಲಕಾಲೇಶ್ವರಗ ಕಾಯಿ ಒಡಸಿದ್ಲು. ಬಾಣಂತಿ ಸನ್ನಿ ಅಂದ್ರು. ನಾನೂ ಹೂಂ ಅಂದೆ. ಇಂವಾ ಮಲಿ ಕುಡಿಯಾಗೂ ಹಂಗ… ಕುಡಿಯೂದ ಬಿಟ್ಟು, ನನ್ನ ಹೆಗಲ ಮ್ಯಾಗಿಂದ ಬಾಗಲ ಕಡೆ ನೋಡ್ತಾನ. ಯಾರನ್ನೋ ನೋಡಿದಂಗ ನಗ್ತಾನ. ನಾ ತಿರುಗಿ ನೋಡಿದ್ರ ಯಾರಿಲ್ಲ.

ಇವತ್ತ ತಿರುಗಿದೆ. ನೀ ನಿಂತಿದ್ದಿ.

ಬೈ ನನ್ನ. ಒಂದು ಮಾತು ಬೈಯವ್ವ! ಎದ್ದ ಬಂದು ಬಾಯಿಗೆ ಹೊಡಿ. ಹಿಂಗ ಸುಮ್ಮನ ಕುಂದ್ರಬ್ಯಾಡ, ನಾ ತಾಳಲಾರೆ… ಬಾಗಲದಾಗ ನೀ 'ಅಕ್ಕಾ' ಅಂದೀ. ಒಂದ ಸಲ ಅಂದೀ. ಮುಖಾ ನೋಡೂದ ಬ್ಯಾಡಾಗಿತ್ತು ನನಗ. ಸವುಟು ಕೈಯಾಗ ಹಿಡಕೊಂಡು ಅಲ್ಲೇ ತಿಳದೆ. 'ಯಾವೂರ್ರಿ, ಬರ್ರಿ, ಕುಂದರ್ರಿ' ಅಂದೆ, ಗೊತ್ತಿಲ್ಲದಾಕಿನಂಗ. ಹೊತ್ತು ಕಳದು ಎದ್ದ ಹೋದೀ ಅಂತ ಮಾಡಿದ್ದೆ. ಭೂತ ಇದ್ದೀತು, ಅಯ್ಯನವರು ಬಂದ ಕೂಡ್ಲೆ ಹೋದೀತು ಅಂತ ಮಾಡಿದ್ದೆ. ಎಂಥಾ ಹೆಂಗಸ ನೋಡು ನಾನು, ನೀ ಸತ್ತು ಭೂತ ಆಗಿ ಬಂದಿದ್ರ ಚಲೋ ಇತ್ತು ಅನಕೊಂಡೆ!

ನಿನಗ ಉರೀ ಬಂದಿತ್ತು. ಕಣ್ಣು ಕೆಂಪಗ. ಆದ್ರ ಎಚ್ಚರ ಇತ್ತು. ನೀನ ಕೂಸು ನನ್ನ ಉಡ್ಯಾಗ ಹಾಕಿದಿ. ನಾ ಕಸಗೊಂಡಿಲ್ಲ, ಅದೊಂದು ಖರೇ, ಅಷ್ಟ ಒಪ್ಪಕೋ. ಇಂವಾ ಮಲಿಗೆ ಬಾಯಿ ಹಚ್ಚಿದ. ಅಯ್ಯ… ಹ್ಯಾಂಗ ಹೇಳ್ಲಿ? ಮಣ್ಣಿಗೆ ಹಿಂಡಿದಾಕಿ ನಾನು. ಬಾಯಿ ಅನ್ನೂದು ಬಿದ್ದ ಕೂಡ್ಲೆ ನಡುನೆತ್ತಿತನ ಜುಂ ಅಂತು. ಕಲ್ಲಾಗಿದ್ದ ಎದಿ ಕರಗಿ ಹೋತು. ನೀ ಅದನ್ನ ನೋಡಿ ಕಣ್ಣೀರ ಹಾಕಿದಿ. 'ಪುಣ್ಯ ಬರಲಿ ಅಕ್ಕಾ ನಿನಗ' ಅಂದಿ. ಆಮ್ಯಾಲ ನೀರ ಬೇಡಿದಿ. ಹಳ್ಳ ಬತ್ತಿತ್ತು. 'ಮನಿಗೆ ಹೋಗಿ ತರ್ತೀನಿ, ಕೂಸು ನನ್ನ ಕೂಡ ಇರಲಿ, ಬಿಸಲ ಐತಿ' ಅಂದೆ. 'ಹೂಂ ಅಕ್ಕಾ' ಅಂದಿ. ಖರೇನ ತರಾಕ ಬಂದೆ, ತಾಯಿ! ಮನೀತನಾ ಖರೇ ಇತ್ತು ಅದು.

ಬಾಗಲದಾಗ ಅತ್ತಿ ನಿಂತಿದ್ಲು. ಕೂಸು ನೋಡಿದ್ಲು. 'ಯಾರದವ್ವ ಇದು? ಇವನ ತಾಯಿ?' ಅಂದ್ಲು. ನಾ 'ಇಲ್ಲ' ಅಂದೆ. ನನ್ನ ಸಂಗಾಟ ಇಲ್ಲ, ಹಳ್ಳದಾಗ ಅದಾಳ, ಅಂತ ಹೇಳಾಕ ಬಾಯಿ ತಗದಿದ್ದೆ. ಅಷ್ಟ್ರಾಗ ಆಕಿ ಕೂಸು ಇಸಗೊಂಡು, 'ಅಯ್ಯ ಶಿವನ, ತಾಯಿ ಇಲ್ಲೇನೋ ನಿನಗ! ನಮ್ಮ ಮನಿಗೇ ಕಳಸ್ಯಾನ ನೋಡು ದೇವರು' ಅಂತ ಅತ್ತಳು. ನಮ್ಮ ಮನಿಯವರು ಹೊರಗ ಬಂದ್ರು. ಕೂಸು ಹೋದ ದಿನದಿಂದ ಮಾತ ಬಿಟ್ಟಿದ್ದ ಮನಿಶಾ… ಇವನ ಅಂಗೈಯಾಗ ಬೆರಳ ಇಟ್ರು. ಇಂವಾ ಹಿಡದ.

ನಾ ಸುಮ್ಮನಾದೆ.

ತಂಬಿಗಿ ತುಂಬಿದ್ದೆ. ಇದ ಹೊಸ್ತಲತನಾ ತಂದಿದ್ದೆ. ಇನ್ನೊಂದ ಗಳಿಗಿ ಬಿಟ್ಟು ಹೋಗೂಣು, ಇಂವಾ ಮಲಗಲಿ, ಹೋಗೂಣು… ಮಧ್ಯಾಹ್ನ ಆತು. ಬಿಸಲ ಇಳೀತು. ಸಂಜಿಗೆ ಅತ್ತಿ ಆ ನೀರ ಎತ್ತಿನ ಬಾನಿಗೆ ಸುರುವಿದ್ಲು. ಮರುದಿನ ಓಡಿದೆ ನಾ, ಚಪ್ಪಲಿ ಇಲ್ಲದ ಓಡಿದೆ. ನೀ ಇರಲಿಲ್ಲ. ನೆಲದ ಮ್ಯಾಲ ಕೈಯಿಂದ ಕೆರದ ಗುರುತು, ಹಳ್ಳದ ಕಡೆ ತೆವಳಿಕೊಂಡು ಹೋದ ಗುರುತು. ಅಷ್ಟ. ಯಾರ ಎತ್ತಿಕೊಂಡ ಹೋದ್ರು ನಿನ್ನ? ಅಸೂಟಿಯವರೇನು? ಎಷ್ಟ ದಿನ ಬಿದ್ದಿದ್ದಿ? … ಹೇಳಬ್ಯಾಡ. ಆರ ತಿಂಗಳು ಊರೂರು ಕೇಳಕೊಂತ ಬಂದೀ, ಅಷ್ಟ ತಿಳೀತು. ಮಂದಿ ನನ್ನ ಹೊಗಳೂದ ನಿನಗ ದಾರಿ ತೋರಸ್ತು.

ನಾವು ಅಜ್ಜಪ್ಪ ಅಂತ ಹೆಸರಿಟ್ಟೀವಿ. ಅವರಜ್ಜನ… ಅಲ್ಲ, ನಮ್ಮ ಮನಿಯವರ ಅಜ್ಜನ ಹೆಸರು. ನೀ ಏನಂತ ಕರೀತಿದ್ದಿ? ಅವತ್ತ ಕೇಳಲಿಲ್ಲ ನಾ. ಹಾಲ ಕುಡಿಸಿದೆ, ಹೆಸರ ಕೇಳಲಿಲ್ಲ. ಹೆಸರ ಕೇಳಿದ್ರ ತಿರುಗಿ ಕೊಡಬೇಕಾಗ್ತಿತ್ತೋ ಏನೋ.

ಬಂದ್ರು. ಕೇಳಿದ್ಯಾ? ಜಂಗಮರ ಗಂಟಿ. ಅತ್ತಿ ದನಿ. ನೀ ಏನೂ ಅನ್ನಂಗಿಲ್ಲ ಅಲ್ಲಾ? ಮನಸು ಮಾಡಿದ್ರ ಕೂಗಿ ಊರ ಕೂಡಿಸಬಹುದು, ಆದ್ರೂ ಸುಮ್ಮನ ಕುಂತಿ. ನನ್ನ ಬಾಯಿಲೆ ಬರಲಿ ಅಂತ ಕುಂತೀ.

ಅತ್ತೀ! ಅಲ್ಲೇ ನಿಂದರ್ರಿ. ಅಯ್ಯನವರ, ಶರಣು. ನೀವೂ ಕೇಳ್ರಿ… ಅತ್ತಿ, ಈಕಿ ಭಿಕ್ಷೆದಾಕಿ ಅಲ್ಲ. ಈಕಿ ಇವನ ತಾಯಿ. ಸತ್ತಿರಲಿಲ್ಲ. ಕಣ್ಣ ತಗದು ನನ್ನ ಕೂಡ ಮಾತಾಡಿದಾಕಿನ್ನ ಬಿಟ್ಟು ಬಂದೆ ನಾನು. ಮಣ್ಣ ಕೊಟ್ರು ಅಂದಿದ್ದು ಸುಳ್ಳು. ನಾನ ಕಟ್ಟಿದ್ದು… ಕೈ ಬಿಡ್ರಿ ನೀವು, ಗಂಡ ಅಂತ ತಡೀಬ್ಯಾಡ್ರಿ. ನನ್ನ ಆಮ್ಯಾಲ ಬೈರಿ, ಹೊರಗ ಹಾಕ್ರಿ, ಏನರ ಮಾಡ್ರಿ. ಈಗ ಅನ್ನ ಆರತೈತಿ.

ತಂಗಿ, ತಗೋ. ಹೆದರಬ್ಯಾಡ, ಉಡಿ ಚಾಚು. ಅಳತಾನ, ಅಳಲಿ, ನಿನ್ನ ಗುರುತು ಮರತಾನ, ಎರಡ ದಿನದಾಗ ಹಿಡೀತಾನ. ಕುತ್ತಿಗಿಗೆ ಕೈ ಕೊಡು, ಹಾಂ, ಹಂಗ. ಬಟ್ಟಲ ನಾ ಹಿಡೀತೀನಿ. ಉಂಗುರ ಬೆರಳಿಲೆ ಸ್ವಲ್ಪ ತಗೋ, ಅಷ್ಟಲ್ಲ, ಅರ್ಧ. ಒಳಗ ತುರುಕಬ್ಯಾಡ, ತುಟಿಗೆ ಸವರು, ತಾನ ಚಪ್ಪರಿಸ್ತಾನ. ಉಗುಳ್ತಾನ, ಉಗುಳಲಿ. ಮತ್ತೊಮ್ಮಿ ಸವರು.

ನಿನ್ನ ಎದ್ಯಾಗ ಹಾಲ ಉಳದಿರಲಿಕ್ಕಿಲ್ಲ. ಇವನಿಗೆ ಇನ್ನಾ ಬೇಕು, ಬರೇ ಅನ್ನದ ಮ್ಯಾಲ ನಿಲ್ಲಂಗಿಲ್ಲ. ನೀ ಎಲ್ಲಿ ಒಯ್ದ್ರೂ ನಾ ಹಿಂದ ಬರ್ತೀನಿ, ಬ್ಯಾಡ ಅಂದ್ರೂ ಬರ್ತೀನಿ. ಹಾಲು ಇರೂತನಾ ಕುಡಿಸಿ, ಆಮ್ಯಾಲ ಬರ್ತೀನಿ ತಿರುಗಿ. ಬೇಕಾದ್ರ ಮಾತಾಡಬ್ಯಾಡ ನನ್ನ ಕೂಡ.

ನೋಡ ಅಲ್ಲಿ… ಉಣಸು, ಉಣಸು. ಬಾಯಿ ತಗದಾನ.