ಬಸುರಿಯರ ಕುರ್ಚಿ

ಅಧ್ಯಕ್ಷತೆ ವಹಿಸಿರುವ ನಮ್ಮ ಮಾಲೀಕರೇ, ಅವರ ಪಕ್ಕದಲ್ಲಿರುವ ಮ್ಯಾನೇಜರ್ ಸಾಹೇಬರೇ, ಮುಖ್ಯ ಅತಿಥಿಗಳೇ, ಯಂತ್ರ ನಿಲ್ಲಿಸಿ ಬಂದಿರುವ ನನ್ನ ಅಕ್ಕತಂಗಿಯರೇ, ಊಟ ಯಾವಾಗ ಎಂದು ಬಾಗಿಲ ಕಡೆ ನೋಡುತ್ತಿರುವ ಸಭಿಕರೇ,

ಇಷ್ಟು ವರ್ಷ ಗೋಡೆ ಗಡಿಯಾರದ ಕಡೆ ಕಣ್ಣೆತ್ತಿದರೆ ಬೈಯುತ್ತಿದ್ದಿರಿ. ಇವತ್ತು ನಿವೃತ್ತಿಯೆಂದು ಗಡಿಯಾರವನ್ನೇ ಕೈಗಿತ್ತಿದ್ದೀರಿ. ಸಂತೋಷ. ಇನ್ನು ಮನೆಯಲ್ಲಿ ಕೂತು ಕಣ್ತುಂಬ ನೋಡುತ್ತೇನೆ.

ನಮ್ಮ ಕಾರ್ಖಾನೆಗೆ ತಾಯಿಯ ಹೃದಯವಿದೆ ಎಂದು ಮ್ಯಾನೇಜರ್ ಸಾಹೇಬರು ಈಗತಾನೇ ಹೇಳಿದರು. ಸುಳ್ಳಲ್ಲ. ಹೆಂಗಸಿನ ಹೊಟ್ಟೆ ಕಾಣಿಸತೊಡಗಿದರೆ ಸಾಕು, ನಿಂತು ಮಾಡುವ ಕೆಲಸದಿಂದ ಬಿಡಿಸಿ, ಪ್ಲಾಸ್ಟಿಕ್ ಹಾಳೆಗೆ ಕಾವು ಕೊಟ್ಟು ಅಂಚು ಅಂಟಿಸುವ ಯಂತ್ರದ ಮುಂದೆ ಕೂರಿಸುತ್ತಾರೆ. ಇಡೀ ಕಾರ್ಖಾನೆಯಲ್ಲಿ ಕೂತು ಮಾಡುವ ಕೆಲಸ ಅದೊಂದೇ. ಮೆತ್ತೆ ಹಾಕಿದ ಆ ಕುರ್ಚಿಗೆ ನಾವು ಬಸುರಿಯರ ಕುರ್ಚಿ ಎಂದೇ ಹೆಸರಿಟ್ಟಿದ್ದೇವೆ. ಹೆರಿಗೆಯಾದ ಮೇಲೆ ಉಡುಗೊರೆಯೂ ಉಂಟು: ರಿಬ್ಬನ್ ಕಟ್ಟಿದ ಹಾಲಿನ ಬಾಟಲಿ, ಒಂದು ಡಬ್ಬಿ ಹಾಲಿನ ಪುಡಿ. ಈ ಕಾಲದಲ್ಲಿ ಯಾರು ಕೊಡುತ್ತಾರೆ ಹೇಳಿ?

ಹಿರಿಮಗಳು ಹೊಟ್ಟೆಯಲ್ಲಿದ್ದಾಗ ನಾನೂ ಆ ಕುರ್ಚಿಯಲ್ಲಿ ಕೂತವಳೇ. ಕಿಟಕಿಯಿಲ್ಲದ ಮೂಲೆ. ಹಾಳೆ ಮೆತ್ತಗಾಗಲೆಂದು ಬೆರೆಸುವ ಎಣ್ಣೆ ಕಾವಿಗೆ ಹೊಗೆಯಾಗಿ ಏಳುತ್ತಿತ್ತು. ಡಬ್ಬಿ ತೆರೆದರೆ ಊಟಕ್ಕೂ ಅದೇ ವಾಸನೆ. ಆದರೂ ಕಾಲಿಗೆ ಆರಾಮವಿತ್ತು. ಪುಣ್ಯಾತ್ಮರು ಕೂರಿಸಿದರಲ್ಲ ಎಂದು ದಿನವೂ ಹರಸುತ್ತಿದ್ದೆ.

ಮಗು ಹುಟ್ಟಿತು. ಹಾಲು ಬರಲಿಲ್ಲ. ನಾಲ್ಕು ಹನಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮಗು ಚೀಪಿ ಚೀಪಿ ಸೋತು ಅಳುತ್ತಿತ್ತು. "ಎಂಥಾ ಕಲ್ಲೆದೆ ಹೊತ್ಕೊಂಡು ಬಂದ್ಯೇ ನೀನು? ಬೀದಿ ನಾಯೀನೂ ಮರಿಗೆ ಹಾಲು ಕೊಡುತ್ತೆ" ಎಂದರು ನಮ್ಮತ್ತೆ. ಬಾಟಲಿಯ ರಿಬ್ಬನ್ ಬಿಚ್ಚಿದೆ. ಡಬ್ಬಿ ಬೇಗ ಮುಗಿಯಬಾರದೆಂದು ನೀರು ಜಾಸ್ತಿ, ಪುಡಿ ಕಡಿಮೆ. ಮಗುವಿಗೆ ಭೇದಿ ಹತ್ತಿತು, ನಿಲ್ಲಲೇ ಇಲ್ಲ. ಕ್ಷಮಿಸಿ, ಇದನ್ನು ಹೇಳಬೇಕೆಂದು ಬಂದವಳಲ್ಲ ನಾನು. ಎರಡು ಒಳ್ಳೆಯ ಮಾತಾಡಿ ಇಳಿಯೋಣವೆಂದೇ ಹತ್ತಿದ್ದು. ಮಗಳು ಉಳಿಯಲಿಲ್ಲ.

ಎರಡನೆಯ ಸಲ ಕುರ್ಚಿ ಸಿಗಲಿಲ್ಲ. ನಮ್ಮ ಜೊತೆ ಕೆಲಸಕ್ಕಿದ್ದ ಗುಂಗುರುಕೂದಲಿನವಳೊಬ್ಬಳು ನನಗಿಂತ ಮೊದಲೇ ಬಸುರಾಗಿ ಕೂತುಬಿಟ್ಟಿದ್ದಳು. ಹೊಟ್ಟೆಕಿಚ್ಚಿಗೆ ಅವಳ ಜೊತೆ ಮಾತು ಬಿಟ್ಟೆ. ಪ್ಯಾಕಿಂಗ್‌ನ ದೊಡ್ಡ ಬಾಗಿಲ ಗಾಳಿಯಲ್ಲಿ, ಕಾಲು ಬಾತುಕೊಂಡು, ಎಲ್ಲರನ್ನೂ ಶಪಿಸುತ್ತ ನಿಂತೆ. ಮಗ ಹುಟ್ಟಿದ. ಬಟ್ಟೆ ಒದ್ದೆಯಾಗುವಷ್ಟು ಹಾಲು. ಒಂದು ದಿನ ಅವಳು ಕೂಸನ್ನೆತ್ತಿಕೊಂಡು ಬಂದು, "ಅಕ್ಕಾ, ಇದಕ್ಕೂ ಒಂದು ಗುಟುಕು ಕುಡಿಸ್ತೀಯಾ?" ಎಂದಳು. ಕುಡಿಸಿದೆ.

ಆಗಲೂ ನನಗೆ ಹೊಳೆಯಲಿಲ್ಲ. ಹೊಳೆದದ್ದು ಈಚೆಗೆ, ಇದೇ ಕಾರ್ಖಾನೆಯಲ್ಲಿ ದುಡಿಯುವ ಬಸುರಿ ಸೊಸೆಯನ್ನು ಆಸ್ಪತ್ರೆಗೆ ಕರೆದೊಯ್ದಾಗ. ಡಾಕ್ಟರಮ್ಮ ಅವಳ ಕೆಲಸದ ಬಗ್ಗೆ ಕೇಳಿದರು. ನಾನು ಕುರ್ಚಿಯ ವಿಷಯವನ್ನು ಹೆಮ್ಮೆಯಿಂದಲೇ ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿದರು. "ಇದರಿಂದ್ಲೇ ನಿಮಗೆ ಹಾಲು ಬರಲಿಲ್ಲ ಅಂತ ನಾನು ಹೇಳೋಕಾಗಲ್ಲಮ್ಮ. ಆದ್ರೆ ಪ್ಲಾಸ್ಟಿಕ್‌ನಲ್ಲಿರೋ ಕೆಲವು ರಾಸಾಯನಿಕ ಬಸುರಿ ಮೈಗೆ ಸೇರಿದ್ರೆ, ಎದೆ ಹಾಲಿಗೆ ತಯಾರಾಗೋದಕ್ಕೇ ಅಡ್ಡಿಯಾಗಬಹುದು ಅನ್ನೋ ಅನುಮಾನ ಇದೆ. ನನ್ನ ಸೊಸೆ ಆಗಿದ್ರೆ ಅಲ್ಲಿ ಕೂರಿಸ್ತಿರಲಿಲ್ಲ" ಎಂದರು.

ಮನೆಗೆ ಬರುವ ದಾರಿಯುದ್ದಕ್ಕೂ ಒಂದೇ ಯೋಚನೆ. ಉಡುಗೊರೆಗೆ ಬಾಟಲಿಯೇ ಯಾಕೆ? ಹಳಬರನ್ನು ವಿಚಾರಿಸಿದೆ. ಮೊದಲೆಲ್ಲ ಮಗುವಿಗೆ ಬಟ್ಟೆ ಕೊಡುತ್ತಿದ್ದರಂತೆ. ಆ ಕುರ್ಚಿಯಲ್ಲಿ ಕೂತೆದ್ದ ತಾಯಂದಿರು ತಾವಾಗಿಯೇ, ಬಟ್ಟೆ ಬೇಡ, ಬಾಟಲಿ ಕೊಡಿ ಎಂದು ಕೇಳಿಕೊಂಡರಂತೆ. ಕೆಲವರಿಗೆ ಹಾಲು ಬಂತು, ಇಲ್ಲವೆನ್ನುವುದಿಲ್ಲ. ಬಾರದವರಲ್ಲಿ ಪ್ರತಿಯೊಬ್ಬಳೂ ತನ್ನ ಎದೆಯದೇ ದೋಷವೆಂದು ಮುಚ್ಚಿಟ್ಟುಕೊಂಡಳು. ಕೊಟ್ಟವರು ಯಾಕೆಂದು ಕೇಳಲಿಲ್ಲ. ಈಸಿಕೊಂಡ ನಾವೂ ಒಬ್ಬರನ್ನೊಬ್ಬರು ಕೇಳಲಿಲ್ಲ.

ಮ್ಯಾನೇಜರ್ ಸಾಹೇಬರಿಗೆ ತಿಳಿಸಿದೆ. "ಪುರಾವೆ ಎಲ್ಲಮ್ಮ?" ಎಂದರು. ಹೋಗಲಿ, ಪ್ಯಾಕಿಂಗ್ ಬಾಗಿಲ ಬಳಿ ಒಂದು ಕುರ್ಚಿ ಹಾಕಿಸಿ ಎಂದೆ. "ಅಲ್ಲಿ ಕೂತ್ರೆ ಕೆಲಸ ಸಾಗಲ್ಲ" ಎಂದರು. ಸೋಮವಾರದಿಂದ ಆ ಮೂಲೆ ನನ್ನ ಸೊಸೆಗೆ. ಮೂರನೆಯ ಸಾಲಿನಲ್ಲಿದ್ದಾಳೆ ನೋಡಿ, ತಲೆ ತಗ್ಗಿಸಿಕೊಂಡು.

ಇವತ್ತು ವೇದಿಕೆಗೆ ಕುರ್ಚಿ ಸಾಲದೆ, ನನಗೆ ಗೌರವವೆಂದು ಆ ಮೆತ್ತೆಯ ಕುರ್ಚಿಯನ್ನೇ ತಂದು ಹಾಕಿದ್ದಾರೆ. ಸಭೆ ಶುರುವಾದಾಗಿನಿಂದ ಇವಳೇಕೆ ಕಂಬದ ಹಾಗೆ ನಿಂತಿದ್ದಾಳೆ ಎಂದು ಅಂದುಕೊಂಡಿರಲ್ಲ, ಅದಕ್ಕೇ.

ಏನು ಬೇಕೋ ಕೇಳು ಎಂದು ಮಾಲೀಕರು ದೊಡ್ಡ ಮನಸ್ಸು ಮಾಡಿ ನಿಮ್ಮೆಲ್ಲರ ಎದುರು ಹೇಳಿದ್ದಾರೆ. ಸ್ವಾಮಿ, ಗಡಿಯಾರ ನೀವೇ ಇಟ್ಟುಕೊಳ್ಳಿ. ಈ ಕುರ್ಚಿಯನ್ನು ಪ್ಯಾಕಿಂಗ್ ಬಾಗಿಲ ಬಳಿ ಹಾಕಿಸಿ. ಕೊಡುತ್ತೀರೋ ಇಲ್ಲವೋ, ನಿಮ್ಮ ಮುಖ ನೋಡಿದರೆ ನನಗೆ ತಿಳಿಯುತ್ತಿಲ್ಲ. ಆದ್ದರಿಂದ ಸೊಸೆಗೂ ಇಲ್ಲಿಂದಲೇ ಹೇಳಿಬಿಡುತ್ತೇನೆ.

ಮಗಳೇ, ಸೋಮವಾರ ಯಾರು ಎಷ್ಟೇ ಪ್ರೀತಿಯಿಂದ ಕೂರು ಎಂದರೂ ಆ ಮೂಲೆಯಲ್ಲಿ ಕೂರಬೇಡ. ಬಾಗಿಲ ಬಳಿ ನಿಂತೇ ಕೆಲಸ ಮಾಡು. ಸಂಜೆ ಮನೆಗೆ ಬಾ, ನಿನ್ನ ಕಾಲು ನಾನು ಒತ್ತುತ್ತೇನೆ.

ಇಷ್ಟು ಹೊತ್ತು ಕೂತು ಕೇಳಿದ ನಿಮಗೆಲ್ಲ ನನ್ನ ಧನ್ಯವಾದ. ನಮಸ್ಕಾರ.