ತನ್ನ ಮನೆಗೇ ‘ಹೋಡಿ’ ಅಂದವನು

ಬೆಳಿಗ್ಗೆ ನಿಮ್ಮನ್ನ ಕಾಡಿಗೆ ಕರ್ಕೊಂಡು ಹೋಗೋ ಜೀಪು ಬರುತ್ತೆ, ಬೇಗ ಮಲಗಿ ಅಂದ್ರೆ ಕೇಳೋದಿಲ್ಲ. ಕತೆ ಬೇಕು ನಿಮಗೆ. ಸರಿ, ಹತ್ತಿರ ಬನ್ನಿ... ಇದು ಎಲ್ಲೋ ಕೇಳಿದ್ದಲ್ಲ. ನನ್ನ ಚಿಕ್ಕಮ್ಮನ ಮಗಳು ಎಮಿಲಿಯಾನಾಗೆ ಆದದ್ದು, ಇದೇ ಕರಾಟು ಊರಲ್ಲಿ.

ಅವಳ ಗಂಡ ಮಾರ್ಗ್ವೆ ಸಫಾರಿ ಡ್ರೈವರು. ಮಳೆಗಾಲದಲ್ಲಿ ತುಂಬಿದ ಹೊಳೆ ಅವನ ಜೀಪನ್ನೇ ಹೊತ್ಕೊಂಡು ಹೋಯ್ತು. ಒಳಗಿದ್ದ ಪ್ರವಾಸಿಗರನ್ನ ಒಬ್ಬೊಬ್ಬರನ್ನೇ ದಡಕ್ಕೆ ತಳ್ಳಿದನಂತೆ. ಅವರೆಲ್ಲ ಬದುಕಿದರು. ಇವನು ಸಿಗಲಿಲ್ಲ... ಹೆಣವೂ ಸಿಗಲಿಲ್ಲ. ಕಂಪನಿಯವರು ಹುಡುಕೋದು ನಿಲ್ಲಿಸಿದರು. ಎಮಿಲಿಯಾನಾ ನಿಲ್ಲಿಸಲಿಲ್ಲ. ದಿನಾ ಸಂಜೆ ಟಾರು ರಸ್ತೆಗೆ ಹೋಗಿ, ಗುಡ್ಡ ಇಳಿದು ಬರೋ ಜೀಪಿಗೆಲ್ಲ ಕೈ ಅಡ್ಡ ಹಾಕೋಳು. “ನಮ್ಮನೆಯವರನ್ನ ನೋಡಿದ್ರಾ?”

“ಹೋಗಿ ಊಟ ಮಾಡಮ್ಮ,” ಅಂದ ಒಂದು ಸಂಜೆ ಒಬ್ಬ ಡ್ರೈವರು. “ಸಿಕ್ಕಿದ್ರೆ ನಾನೇ ಕಿವಿ ಹಿಂಡಿ ಕರ್ಕೊಂಡು ಬರ್ತೀನಿ.” ಅಂದನೇ ಹೊರತು ಅವಳ ಮುಖ ನೋಡಲಿಲ್ಲ.

ಅವಳು ಮನೆಗೆ ಹೊರಟಾಗ ಕತ್ತಲಾಗಿಬಿಟ್ಟಿತ್ತು. ದಾರೀಲಿ ಹಳೇ ಬಾವಿ, ಪಕ್ಕದಲ್ಲೇ ದೊಡ್ಡ ಅತ್ತಿಮರ. ಅಲ್ಲಿ... ಟಿಕ್... ಟಿಕ್... ದೂರ ಓಡಿಬಂದ ಇಂಜಿನ್ನು ಆರಿಸಿದ ಮೇಲೆ ತಣ್ಣಗಾಗ್ತಾ ಸದ್ದು ಮಾಡುತ್ತಲ್ಲ, ಅದೇ. ಮರದ ಸುತ್ತ ಓಡಿದಳು. ಜೀಪಿಲ್ಲ. ಏನೂ ಇಲ್ಲ. ಬೇರೆಯವರಾಗಿದ್ರೆ ಎದೆ ಒಡ್ಕೋತಿದ್ರು. ಇವಳಿಗೆ ಗಂಡ ಬಂದ ಅಂತ ಖುಷಿಯಾಯ್ತು ನೋಡಿ! ಅಷ್ಟು ಕಂಗೆಟ್ಟಿದ್ದಳು, ಪಾಪ.

ಮನೇಲಿ ಮಾರ್ಗ್ವೆಯ ತಾಯಿ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮಗ ಹೋದಾಗಿಂದ ಆ ಮುದುಕಿ ಒಂದು ಹನಿ ಕಣ್ಣೀರೂ ಹಾಕಿರಲಿಲ್ಲ. ಎಮಿಲಿಯಾನಾ ದೀಪ ಆರಿಸಿದಳು. ಆಗ ಅಂಗಳದಲ್ಲಿ... ಚಪ್. ಚಪ್. ನೀರು ಕುಡಿದ ಚಪ್ಪಲಿ, ಹಳೇ ಟೈರು ಕೊಯ್ದು ಮಾಡಿದ್ದು. ಬಾಗಿಲ ಮುಂದೆ ನಿಂತಿತು.

“ಹೋಡಿ...”

ಗಂಡನದೇ ದನಿ!

ನಮ್ಮಲ್ಲಿ ಹೊರಗಿನವರು ಬಾಗಿಲಲ್ಲಿ ನಿಂತು ‘ಹೋಡಿ’ ಅಂತಾರೆ. ಒಳಗಿನವರು ‘ಕರೀಬು’, ಅಂದ್ರೆ ‘ಬನ್ನಿ’, ಅಂದಮೇಲೇ ಒಳಗೆ ಕಾಲಿಡೋದು. ದಿನಾ ನೂರು ಸಲ ಅನ್ನೋ ಮಾತು. ಅವಳ ಬಾಯಿಗೂ ಬಂದುಬಿಟ್ಟಿತ್ತು. ಅಷ್ಟರಲ್ಲಿ ಮುದುಕಿ ಎದ್ದುಬಂದು ಅವಳ ಬಾಯಿ ಒತ್ತಿ ಹಿಡಿದಳು.

“ಸುಮ್ನಿರು.”

“ಅವರೇ ಅತ್ತೆ...”

“ದನಿ ಅವನದೇ. ಹೆತ್ತೋಳಿಗೆ ಗೊತ್ತಾಗಲ್ವಾ? ತನ್ನ ಮನೆಗೆ ಯಾವನಾದ್ರೂ ಹೋಡಿ ಅಂತಾನೇನೇ? ಬಾಗಿಲು ಒದ್ದು ಬರ್ತಿದ್ದೋನು ಅವನು!”

“ಹೋಡಿ...”

ಹೊರಗೆ ತೊಟ್... ತೊಟ್... ನೀರು ತೊಟ್ಟಿಕ್ಕುತ್ತಿತ್ತು.

“ಹೋಡಿ... ಅಮ್ಮಾ, ಚಳಿ...”

ಮುದುಕಿ ಬಾಗಿಲ ಕಡೆ ತಿರುಗಿದಳು. ಆದರೂ ಸೊಸೆಯ ಬಾಯಿ ಬಿಡಲಿಲ್ಲ. ಬಿಡದೆ... ತಾನೇ ಅಂದಳು.

“ಕರೀಬು, ಮಗನೇ.”

ಚಿಲಕ ಅಲ್ಲಾಡಲಿಲ್ಲ. ಬಾಗಿಲು ತೆರೆಯಲಿಲ್ಲ. ಚಪ್, ಚಪ್, ಸದ್ದು ಮಾತ್ರ ಒಳಗೆ ಬಂತು. ಮಂಚ ಕಿರ್ರ್ ಅಂತು. ಮುದುಕಿ ಹೋಗಿ ಗೋಡೆ ಪಕ್ಕಕ್ಕೆ ಸರಿದು ಮಲಗಿದಳು.

“ರೀ... ನಾನೂ ಇಲ್ಲೇ ಇದೀನಿ ರೀ...” ಕತ್ತಲಲ್ಲಿ ಎಮಿಲಿಯಾನಾ ಅತ್ತಳು, ಬೇಡಿಕೊಂಡಳು. ಚಪ್ ಸದ್ದು ಇವಳ ಕಡೆ ಬರಲಿಲ್ಲ. ‘ಕರೀಬು’ ಅಂದವಳು ಇವಳಲ್ಲವಲ್ಲ.

ಬೆಳಿಗ್ಗೆ ಹಾಸಿಗೆಯ ಹೊರಗಿನ ಅರ್ಧ ನೆಂದು ತೊಪ್ಪೆಯಾಗಿತ್ತು.

“ನನ್ನ ಬಾಯಿ ಮುಚ್ಚಿ ನೀವು ಕರೆದ್ರಲ್ಲ!” ಅಂತ ಇವಳು ಕೂಗಾಡಿದಳು.

“ನಿನಗಿನ್ನೂ ಬಾಳಿದೆ ಮಗಳೇ,” ಅಂದಳು ಮುದುಕಿ. “ನನಗೇನಿದೆ?”

ಬೇಸಿಗೇಲಿ ನಾನು ನೋಡೋಕೆ ಹೋದೆ. ಹೊಳೆ ಬತ್ತಿ ಮರಳಾಗಿತ್ತು. ಆ ಹಾಸಿಗೆಯ ಅರ್ಧ ಇನ್ನೂ ಒದ್ದೆ! ಎಮಿಲಿಯಾನಾಳ ಚಾಪೆ ಆ ಮಂಚದ ಬುಡದಲ್ಲೇ, ಬರೀ ನೆಲದ ಮೇಲೆ ಹಾಸಿತ್ತು.

“ನಿನ್ನ ಮಂಚ ಬಿಟ್ಟು ಇಲ್ಲಿ ಯಾಕಮ್ಮಾ?” ಅಂದೆ.

ಅತ್ತೆಗೆ ಕೇಳಿಸಬಾರದು ಅಂತ ಅವಳು ನನ್ನ ಕಿವಿಯ ಹತ್ತಿರ ಬಂದಳು. “ಒಂದೊಂದು ರಾತ್ರಿ ನಮ್ಮನೆಯವರು ಕೈ ಕೆಳಗೆ ಇಳಿಬಿಡ್ತಾರೆ ಅಣ್ಣ...”

ನಗ್ತೀರಾ? ನಗಿ. ಊರಲ್ಲಿ ಕುಡಿಯೋಕೂ ನೀರಿಲ್ಲದ ಕಾಲ ಅದು. ಅವಳ ಬಲಗೈ ನಾನೇ ಹಿಡಿದು ನೋಡಿದೀನಿ, ಈ ಕಣ್ಣಿಂದ. ಬೆರಳ ತುದಿಗಳೆಲ್ಲ ರಾತ್ರಿಯಿಡೀ ನೀರಲ್ಲಿ ನೆನೆದ ಹಾಗೆ... ಬೆಳ್ಳಗೆ, ಸುಕ್ಕುಸುಕ್ಕಾಗಿದ್ದವು.